ಯುದ್ಧ ಮುಗಿದ ಮೇಲೆ ಬಂದ ಕಲೆಕ್ಟರ್, ಕರಿ ಕಡತ ಮತ್ತು ನಿಮ್ಮ ಹಾಲಿನ ಚೀಟಿ



ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿದ ಕೂಡಲೇ ನಿಮ್ಮ ಕೈಗೆ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಎಂದು ಅದರಲ್ಲಿ ಇರುತ್ತದೆ. ಆ ಚೀಟಿಯನ್ನು ನೀವು ಎಲ್ಲಿ ಇಡುತ್ತೀರಿ? ಕೆಲವರು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತೀರಿ. ಕೆಲವರದ್ದು ಅಕ್ಕಿ ಡಬ್ಬದ ಮೇಲೆ. ಇನ್ನು ಕೆಲವರು ಮನೆಯ ಅಂಗಳ ಮುಟ್ಟುವ ಮೊದಲೇ ಅದನ್ನು ಮುದ್ದೆ ಮಾಡಿ ಬಿಸಾಡಿರುತ್ತೀರಿ. ಜೋರು ಮಾಡುವುದಕ್ಕೆ ಕೇಳಿದ್ದಲ್ಲ. ಈ ಸಲದ ಪಾಠ ಕೆಚ್ಚಲು ಬಾವಿನದ್ದೂ ಅಲ್ಲ, ಸೈಲೇಜಿನದ್ದೂ ಅಲ್ಲ. ನಮ್ಮದೇ ಊರಿನಲ್ಲಿ ಸುಮಾರು 225 ವರ್ಷಗಳ ಹಿಂದೆ ನಡೆದ ಒಂದು ಲೆಕ್ಕಾಚಾರದ ಕಥೆ. ಸ್ವಲ್ಪ ದೂರದಿಂದ ಶುರುವಾದರೂ ತಿರುಗಿ ಆ ಚೀಟಿಯ ಹತ್ತಿರವೇ ಬರುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಯುದ್ಧದಲ್ಲೇ ಮಡಿದ. ಅವನ ರಾಜ್ಯವನ್ನು ಹಂಚಿಕೊಂಡಾಗ ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಪಾಲಿಗೆ ಹೋಯಿತು. ಆಗ ಇದಕ್ಕೆ ಕೆನರಾ ಎಂದು ಹೆಸರು. ಈಗಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲವೂ ಸೇರಿ ಒಂದೇ ಜಿಲ್ಲೆ. ಅದರ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಸ್ಕಾಟ್ಲೆಂಡಿನ ಗ್ಲಾಸ್ಗೋದವನು, 38 ವರ್ಷ ಪ್ರಾಯ, ಮೂಲತಃ ಸಿಪಾಯಿ. ಇದಕ್ಕೆ ಮೊದಲು, 1792ರ ಯುದ್ಧ ಮುಗಿದ ಮೇಲೆ, ಬಾರಾಮಹಲ್ ಎಂಬ ಸೇಲಂ ಕಡೆಯ ಸೀಮೆಯಲ್ಲಿ ಏಳು ವರ್ಷ ಕಂದಾಯದ ಕೆಲಸ ಮಾಡಿದ್ದ. ಒಟ್ಟಿನಲ್ಲಿ ಯುದ್ಧದಲ್ಲಿ ಬಸವಳಿದ ಊರಿಗೆ ಹೋಗಿ ಗದ್ದೆಗಳ ಲೆಕ್ಕ ಹಿಡಿಯುವುದೇ ಅವನ ಉದ್ಯೋಗ.

ಅವನಿಗೆ ನಮ್ಮ ಊರು ಸ್ವಲ್ಪವೂ ಹಿಡಿಸಲಿಲ್ಲ. ಮನೆಗೆ ಬರೆದ ಕಾಗದಗಳಲ್ಲಿ ಇಲ್ಲಿನ ಗುಡ್ಡ, ಹೊಳೆ, ಮಳೆಯನ್ನು ಬೈದಿದ್ದಾನೆ. ಕುದುರೆ ಓಡಿಸಲು ಒಂದು ಸಮತಟ್ಟು ಜಾಗ ಇಲ್ಲ ಎಂಬುದು ಅವನ ದೊಡ್ಡ ದುಃಖ. ಆಟಿ ತಿಂಗಳಲ್ಲಿ ಡೇರೆ ಹಾಕಿಕೊಂಡು ತಿರುಗುವವನ ಅವಸ್ಥೆ ನಿಮಗೆ ವಿವರಿಸಿ ಹೇಳಬೇಕಾಗಿಲ್ಲ.

ಯುದ್ಧವೂ ಪೂರ್ತಿ ಮುಗಿದಿರಲಿಲ್ಲ. ವಿಟ್ಲದ ಹೆಗ್ಗಡೆ ದಂಗೆ ಎದ್ದಿದ್ದ. ಬೆಳ್ತಂಗಡಿಯ ಹತ್ತಿರದ ಜಮಲಾಬಾದ್ ಕೋಟೆ, ನಮ್ಮ ಗಡಾಯಿಕಲ್ಲು, ಒಂದು ಸಲ ಕಂಪೆನಿಯ ಕೈಗೆ ಬಂದು, ಮತ್ತೆ ದಂಗೆಯವರ ಕೈಗೆ ಹೋಗಿ, 1800ರಲ್ಲಿ ಪುನಃ ಕಂಪೆನಿಗೆ ಸಿಕ್ಕಿತು. ಇದರ ನಡುವೆ ರೈತರನ್ನು ಕಚೇರಿಗೆ ಕರೆದರೆ ಅವರು ಬರಲೊಲ್ಲರು. ಒಬ್ಬೊಬ್ಬರಾಗಿ ಹೋದರೆ ಬಗ್ಗಿಸುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಒಟ್ಟಾಗಿ ದೂರ ನಿಂತು, ಮೊದಲು ತೆರಿಗೆ ಇಳಿಸುವ ಮಾತಾಡಿ ಎಂದರು. ಸಂಘಟನೆ ಎಂಬ ಮಾತು ನಮಗೆ ಸಹಕಾರಿ ಸಂಘದಿಂದ ಬಂದದ್ದಲ್ಲ, ಅದಕ್ಕಿಂತ ಹಳೆಯದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಲೆಕ್ಟರನಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಈ ಗದ್ದೆ ಯಾರದು, ಇದರಿಂದ ಸರಕಾರಕ್ಕೆ ಎಷ್ಟು ಬರಬೇಕು? ಸರ್ವೆ ನಂಬರ್ ಇರಲಿಲ್ಲ, ನಕ್ಷೆ ಇರಲಿಲ್ಲ. ನಮ್ಮಲ್ಲಿ ಗದ್ದೆಯನ್ನು ಸೆಂಟ್ಸ್, ಎಕರೆಯಲ್ಲಿ ಅಳೆಯುತ್ತಿರಲಿಲ್ಲ. ಎಷ್ಟು ಮುಡಿ ಬೀಜ ಬಿತ್ತುವ ಜಾಗ ಎಂದು ಹೇಳುತ್ತಿದ್ದರು, ಬೀಜವರಿ ಎಂದು ಅದಕ್ಕೆ ಹೆಸರು. ಬೈಲು, ಮಜಲು, ಬೆಟ್ಟು ಎಂದು ಮೂರು ತರಗತಿ. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಆದೀತು, ಬೆಟ್ಟಿನಲ್ಲಿ ಮಳೆಗಾಲದ ಒಂದು ಬೆಳೆ ಬಂದರೆ ಪುಣ್ಯ. ಪರವೂರಿನಿಂದ ಬಂದವನಿಗೆ ಇದನ್ನೆಲ್ಲ ಹೇಗೆ ತಿಳಿಯಬೇಕು?

ಅವನಿಗೆ ದಾರಿ ತೋರಿಸಿದ್ದು ಕಡತ. ಇವತ್ತು ಕಡತ ಎಂದರೆ ತಾಲೂಕು ಕಚೇರಿಯ ಫೈಲು. ಆಗಿನ ಕಡತ ಬೇರೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಶಾನುಭೋಗರ ಮನೆಗಳಲ್ಲಿ ಇಂಥ ಕಡತಗಳನ್ನು ತಲೆಮಾರಿನಿಂದ ಇಟ್ಟುಕೊಂಡಿದ್ದರು. ಯಾವ ವರ್ಗಕ್ಕೆ ಎಷ್ಟು ಶಿಸ್ತು, ಯಾವ ಅರಸನ ಕಾಲದಲ್ಲಿ ಎಷ್ಟು ಹೆಚ್ಚಾಯಿತು, ಯಾರು ಯಾರಿಗೆ ಮಾರಿದರು, ಎಲ್ಲಾ ಅದರಲ್ಲಿತ್ತು. ವರ್ಗ ಎಂದರೆ ಒಬ್ಬ ಹಿಡುವಳಿದಾರನ ಲೆಕ್ಕ. ಇವತ್ತಿಗೂ ನಾವು ‘ವರ್ಗ ಜಾಗ’ ಎನ್ನುವುದು ಅದೇ ಮಾತು. ಜೊತೆಗೆ ದೇವಸ್ಥಾನ, ಬಸದಿಗಳ ಶಿಲಾಶಾಸನಗಳೂ ಇದ್ದವು.

ಇದನ್ನೆಲ್ಲ ನೋಡಿ ಮನ್ರೋ 1800ರ ಮೇ 31ರಂದು ಮದ್ರಾಸಿಗೆ ಒಂದು ದೊಡ್ಡ ವರದಿ ಕಳುಹಿಸಿದ. ಅದರ ಸಾರ ಇಷ್ಟು: ಈ ಜಿಲ್ಲೆಯಲ್ಲಿ ಭೂಮಿ ಅರಸನದ್ದಲ್ಲ, ರೈತರ ಖಾಸಗಿ ಆಸ್ತಿ. ಅವರು ಅದನ್ನು ಮಾರುತ್ತಾರೆ, ಅಡವು ಇಡುತ್ತಾರೆ, ಮಕ್ಕಳಿಗೆ, ಅಳಿಯಂದಿರಿಗೆ ಬಿಡುತ್ತಾರೆ. ತೆರಿಗೆ ಹಗುರವಾಗಿದ್ದಾಗ ಭೂಮಿಗೆ ಬೆಲೆ ಇತ್ತು. ತೆರಿಗೆ ಏರುತ್ತಾ ಬಂದಂತೆ ಬೆಲೆ ಇಳಿಯಿತು, ಕೊನೆಗೆ ಎಷ್ಟೋ ಗದ್ದೆಗಳು ಹಡಿಲು ಬಿದ್ದವು. ಇಕ್ಕೇರಿಯ ನಾಯಕರು ಸ್ವಲ್ಪ ಏರಿಸಿದ್ದರು, 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಇನ್ನಷ್ಟು ಏರಿಸಿದ, ಟಿಪ್ಪುವಿನ ಕಾಲಕ್ಕೆ ಯುದ್ಧದ ಖರ್ಚೆಲ್ಲ ಗದ್ದೆಯ ಮೇಲೆ ಬಂತು. ರೈತನಿಗೆ ಏನಾದರೂ ಉಳಿದರೆ ಮಾತ್ರ ಅವನು ಬದು ಕಟ್ಟುತ್ತಾನೆ, ತೋಡು ಬಿಡಿಸುತ್ತಾನೆ ಎಂಬುದು ಮನ್ರೋನ ವಾದ. ಟಿಪ್ಪು ಕಾಲದ ದರದಿಂದ ಇಳಿಸಿ ತೆರಿಗೆ ಕಟ್ಟಿದ.

ಇಷ್ಟು ಕೇಳಿ ಅವನನ್ನು ದೇವರ ಹಾಗೆ ನೋಡುವ ಅಗತ್ಯ ಇಲ್ಲ. ಅವನು ಬಂದದ್ದೇ ಕಂಪೆನಿಯ ಖಜಾನೆ ತುಂಬಿಸಲು. ಇಳಿಸಿದ್ದೂ ಸಾಕಾಗಲಿಲ್ಲ. 1819–20ರಲ್ಲಿ ತರಾವು ಎಂಬ ಹೊಸ ದರ ಕಟ್ಟಿದರು, ಭತ್ತದ ಧಾರಣೆ ಬಿದ್ದಾಗಲೂ ಹಣದಲ್ಲೇ ಕೊಡಬೇಕಾಯಿತು. 1830–31ರಲ್ಲಿ ಜಿಲ್ಲೆಯ ರೈತರು ಊರೂರಲ್ಲಿ ಕೂಟ ಸೇರಿ ತೆರಿಗೆ ಕೊಡುವುದಿಲ್ಲ ಎಂದು ಕುಳಿತರು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ದೊಡ್ಡ ಕೂಟ ಸೇರಿತು. ಇದು ಗಾಂಧೀಜಿ ಹುಟ್ಟುವುದಕ್ಕೆ ಸುಮಾರು ನಲವತ್ತು ವರ್ಷ ಮೊದಲು.

ಕಡತದ ಬಗ್ಗೆ ಇನ್ನೊಂದು ಮಾತು. 1784ರಲ್ಲಿ ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದ ಇಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ಬದುಕಿ ಉಳಿದವರು 1799ರ ನಂತರ ತಿರುಗಿ ಬರತೊಡಗಿದರು. ಹದಿನೈದು ವರ್ಷ ಕಳೆದಿತ್ತು. ಬಿಟ್ಟು ಹೋದ ಗದ್ದೆಯಲ್ಲಿ ಬೇರೆಯವರು ಉಳುತ್ತಿದ್ದರು. ಆ ಹದಿನೈದು ವರ್ಷ ದುಡಿದವರೂ ಸುಳ್ಳಲ್ಲ, ಬಿಟ್ಟು ಹೋದವರೂ ಸುಳ್ಳಲ್ಲ. ಇಂಥ ಜಾಗದಲ್ಲಿ ಬಾಯಿಮಾತು ಎಷ್ಟು ದೂರ ನಡೆಯುತ್ತದೆ? ಹಳೆಯ ಹೆಸರು ಯಾವುದಾದರೂ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ಅನ್ನ ನಿಂತಿತ್ತು.

ಸರಿ, ಪುಸ್ತಕದಲ್ಲಿ ಹೆಸರು ಇದ್ದವರ ಕಥೆ ಆಯಿತು. ಇಲ್ಲದವರು?

ಮನ್ರೋನ ಲೆಕ್ಕದಲ್ಲಿ ಕಂಡದ್ದು ವರ್ಗದಾರ. ಅವನ ಕೆಳಗೆ ಮೂಲಗೇಣಿಯವರು ಇದ್ದರು. ಅವರ ಗೇಣಿ ಕಾಯಂ, ಏರಿಸುವ ಹಾಗಿಲ್ಲ, ಅವರನ್ನು ಎಬ್ಬಿಸುವುದೂ ಕಷ್ಟ. ಅವರ ಕೆಳಗೆ ಚಾಲಗೇಣಿಯವರು. ಧನಿಯ ಮರ್ಜಿ ಇದ್ದಷ್ಟು ದಿನ ಮಾತ್ರ ಅವರ ಗದ್ದೆ. ಅವರಿಗೂ ಕೆಳಗೆ ಗೇಣಿಯೂ ಇಲ್ಲದೆ ದುಡಿದ ಮೂಲದಾಳುಗಳು. ಸರಕಾರದ ಪುಸ್ತಕದಲ್ಲಿ ಕೊನೆಯ ಇಬ್ಬರಿಗೆ ಜಾಗವೇ ಇರಲಿಲ್ಲ. ನೇಜಿ ನೆಟ್ಟವರು, ಭತ್ತ ಬೇಯಿಸಿ ಕುಟ್ಟಿ ಗೇಣಿ ಅಕ್ಕಿಯ ಮುಡಿ ತುಂಬಿಸಿದವರು, ಹಟ್ಟಿ ತೊಳೆದು ಗೊಬ್ಬರ ಹೊತ್ತವರು ಹೆಂಗಸರು. ಅವರ ಹೆಸರು ಯಾವ ಕಡತದಲ್ಲೂ ಹುಡುಕಬೇಡಿ.

ಅಳಿಯಕಟ್ಟಿನ ಮನೆಗಳಲ್ಲಿ ಹಾಗಲ್ಲವಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೌದು, ಅಳಿಯಸಂತಾನದಲ್ಲಿ ಕುಟುಂಬ ನಡೆಯುವುದು ಹೆಣ್ಣಿನ ಸಂತತಿಯಲ್ಲಿ, ಹಿರಿಯ ಹೆಂಗಸು ಯಜಮಾನ್ತಿ ಆಗುವುದೂ ಇತ್ತು. ಆದರೂ ಹೆಚ್ಚಿನ ಕಡೆ ಕಚೇರಿಗೆ ಹೋದವರು ಮಾವ, ಸಹಿ ಹಾಕಿದವರು ಮಾವ. ಹಕ್ಕು ಹೆಣ್ಣಿನ ಬಳಿಯಲ್ಲಿ, ಹೆಸರು ಗಂಡಸಿನದ್ದು. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಪಾಲಾಗಿ ಹೋದ ಕುಟುಂಬಗಳಲ್ಲಿ ಈ ವ್ಯತ್ಯಾಸ ಏನು ಮಾಡಿತು ಎಂಬುದನ್ನು ನಿಮ್ಮ ಅಜ್ಜಿಯಂದಿರು ನನಗಿಂತ ಚೆನ್ನಾಗಿ ಹೇಳಿಯಾರು.

ಚಾಲಗೇಣಿಯವರ ಹೆಸರು ಪುಸ್ತಕಕ್ಕೆ ಬರಲು ಎಷ್ಟು ಕಾಲ ಬೇಕಾಯಿತು ಗೊತ್ತೇ? ಮನ್ರೋನ ವರದಿ 1800ರದ್ದು. ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಡುವೆ 174 ವರ್ಷ. ಆಗ ಗೇಣಿದಾರರು 7ನೇ ನಂಬರ್ ಫಾರಂ ತುಂಬಿಸಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ನಮ್ಮ ಜಿಲ್ಲೆಯಲ್ಲಿ ಆ ಫಾರಂ ಕೊಡದ ಊರು ಇರಲಿಲ್ಲ ಎನ್ನಬಹುದು. ಮಂಡಳಿಯವರು ಕೇಳಿದ್ದು ಕೂಡ ಹಳೆಯ ಕಲೆಕ್ಟರನ ಪ್ರಶ್ನೆಯನ್ನೇ: ನೀವು ಈ ಗದ್ದೆ ಮಾಡುತ್ತಿದ್ದದ್ದಕ್ಕೆ ಏನು ದಾಖಲೆ? ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಹಳೆ ಸೀರೆಯ ಗಂಟಿನಲ್ಲಿ ಗೇಣಿ ಚೀಟಿ ಜೋಪಾನ ಮಾಡಿದ್ದ ಮನೆಗಳಿಗೆ ಉತ್ತರ ಕೊಡುವುದು ಸುಲಭವಾಯಿತು. ಆ ಗಂಟು ಕಟ್ಟಿಟ್ಟವರು ಎಷ್ಟೋ ಕಡೆ ಓದು ಬರಹ ಬಾರದ ಹೆಂಗಸರೇ. ಇವತ್ತು ನಿಮ್ಮಲ್ಲಿ ಎಷ್ಟೋ ಜನ ಹುಲ್ಲು ಬೆಳೆಸುವ ತುಂಡು ಜಾಗ ಆ ಗಂಟಿನಿಂದ ಬಂದದ್ದು.

ಈಗ ಹಟ್ಟಿಗೆ ಬರೋಣ.

ದನ ಯಾರದು? ನಗಬೇಡಿ. ಬೆಳಿಗ್ಗೆ ಐದು ಗಂಟೆಗೆ ಎದ್ದು ಸೆಗಣಿ ತೆಗೆಯುವವರು ನೀವು, ಹಾಲು ಕರೆಯುವವರು ನೀವು, ಕರುವಿಗೆ ಜ್ವರ ಬಂದರೆ ರಾತ್ರಿ ಕೂರುವವರು ನೀವು. ಆದರೆ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿ. ದನದ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆಯಲ್ಲ, ಅದನ್ನು ಹಾಕಿದ ದಿನ ಕಂಪ್ಯೂಟರಿನಲ್ಲಿ ಮಾಲಿಕರೆಂದು ಯಾರ ಹೆಸರು ಬರೆಸಿದಿರಿ? ದನ ಸತ್ತು ವಿಮೆ ಕೇಳುವ ದಿನ ಆ ಓಲೆ, ಆ ಹೆಸರು ಮತ್ತು ಪಾಲಿಸಿಯ ಹೆಸರು ಒಂದಕ್ಕೊಂದು ಸರಿಹೊಂದಬೇಕು. ಸರಕಾರದ ಹಾಲಿನ ಪ್ರೋತ್ಸಾಹಧನ ಯಾರ ಬ್ಯಾಂಕ್ ಖಾತೆಗೆ ಹೋಗುತ್ತದೆ? ಸೊಸೈಟಿಯ ಸದಸ್ಯರ ಪಟ್ಟಿಯಲ್ಲಿ ಯಾರಿದ್ದಾರೆ? ಹಾಲು ತರುವವರು ನೀವು, ಮಹಾಸಭೆಯಲ್ಲಿ ಓಟು ಹಾಕುವವರು ಮನೆಯ ಗಂಡಸರು ಎಂದಾದರೆ, ನೀವು ಈಗಲೂ ಚಾಲಗೇಣಿಯಲ್ಲೇ ಇದ್ದೀರಿ ಎಂದು ನಾನು ಹೇಳುತ್ತೇನೆ. ಸ್ವಲ್ಪ ಖಾರವಾಯಿತು, ಆದರೆ ಇರಲಿ.

ಹಾಲಿನ ಸಂಘದ ಸದಸ್ಯರಾಗಲು ಹೆಸರಿನಲ್ಲಿ ಜಾಗ ಬೇಕಾಗಿಲ್ಲ. ಕರೆಯುವ ದನ ಇರಬೇಕು, ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಬೇಕು. ಅಂದರೆ ಆರ್‌ಟಿಸಿಯಲ್ಲಿ ಹೆಸರು ಇಲ್ಲದ ಹೆಣ್ಣುಮಗಳಿಗೂ ಇಲ್ಲಿ ತನ್ನ ಹೆಸರಿನದ್ದೇ ಒಂದು ಪುಸ್ತಕ ತೆರೆಯುತ್ತದೆ. ಇದು ಮನ್ರೋನ ಕಚೇರಿಯಲ್ಲಿ ಇರದಿದ್ದ ಬಾಗಿಲು. ದಿನದ ಚೀಟಿ ಆ ಪುಸ್ತಕದ ಒಂದೊಂದು ಸಾಲು. ಬಟವಾಡೆಯಲ್ಲಿ ವ್ಯತ್ಯಾಸ ಬಂದರೆ ಕೇಳಲು, ಸಾಲಕ್ಕೆ ಬ್ಯಾಂಕಿಗೆ ಹೋದಾಗ ವರ್ಷಕ್ಕೆ ಇಷ್ಟು ಹಾಲಿನ ಆದಾಯ ಇದೆ ಎಂದು ತೋರಿಸಲು ಅದು ಬೇಕು.

ಜಾಗ ಇರುವವರಿಗೆ ಕುಮ್ಕಿಯ ಬಗ್ಗೆಯೂ ಒಂದು ಮಾತು. ವರ್ಗ ಜಾಗದ ಗಡಿಯಿಂದ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಹುಲ್ಲು, ಸೌದೆ ತೆಗೆದುಕೊಳ್ಳುವ ಸವಲತ್ತು ನಮ್ಮ ಜಿಲ್ಲೆಯಲ್ಲಿ ಹಿಂದಿನಿಂದ ಬಂದದ್ದು. ಕುಮಕ್ ಎಂದರೆ ಪಾರ್ಸಿ ಮಾತಿನಲ್ಲಿ ಸಹಾಯ. ಗದ್ದೆಗೆ ಸಹಾಯವಾಗಲಿ ಎಂದು ಬಿಟ್ಟ ಜಾಗ. ಹಟ್ಟಿಗೆ ಸೊಪ್ಪು ಹಾಕಿ ಗೊಬ್ಬರ ಮಾಡುವ ನಮ್ಮ ಪದ್ಧತಿ, ಗುಡ್ಡದಲ್ಲಿ ಮೇಯ್ದು ಬರುತ್ತಿದ್ದ ಊರ ದನ, ಎರಡೂ ನಿಂತದ್ದು ಕುಮ್ಕಿಯ ಮೇಲೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಂ ಈ ಸವಲತ್ತನ್ನು ಉಳಿಸಿದೆ. ಆದರೆ ಅದು ಸವಲತ್ತು ಮಾತ್ರ, ಜಾಗ ಸರಕಾರದ್ದು. ಕುಮ್ಕಿ ನಮ್ಮದೇ ಎಂದು ಯಾರಾದರೂ ನಿಮಗೆ ಕ್ರಯಕ್ಕೆ ಕೊಡಲು ಬಂದರೆ ಕಾಗದ ತೋರಿಸಿ ಕೇಳಿ ನೋಡಿ.

ಇನ್ನು ಒಂದು ಲೆಕ್ಕ ಮಾಡಿಯೇ ಪಾಠ ಮುಗಿಸುವುದು. ಪೆನ್ನು ತೆಗೆದುಕೊಳ್ಳಿ.

ವಿಜಯನಗರದ ಹರಿಹರನ ಕಾಲದ್ದು, ಅಂದರೆ 14ನೇ ಶತಮಾನದ್ದು ಎಂದು ಹೇಳುವ ಒಂದು ಪಾಲಿನ ಲೆಕ್ಕ ಮನ್ರೋನ ಕಾಲದ ಇಂಗ್ಲಿಷ್ ಬರಹಗಳಲ್ಲಿ ಬರುತ್ತದೆ. ಬೆಳೆಯನ್ನು 30 ಪಾಲು ಮಾಡುವುದು. ಅದರಲ್ಲಿ 15 ಪಾಲು ಗದ್ದೆ ಮಾಡಿದವನಿಗೆ, ಏಳೂವರೆ ಜಾಗದ ಧನಿಗೆ, 5 ಸರಕಾರಕ್ಕೆ, ಒಂದೂವರೆ ಬ್ರಾಹ್ಮಣರಿಗೆ, 1 ದೇವಸ್ಥಾನಕ್ಕೆ. ಕೂಡಿಸಿ ನೋಡಿ, 30 ಆಗುತ್ತದೆ. ಸರಕಾರದ್ದು ಆರರಲ್ಲಿ ಒಂದು ಪಾಲು. ದುಡಿದವನಿಗೆ ಅರ್ಧ. ಆ ಅರ್ಧದಲ್ಲೇ ಬೀಜ, ಎತ್ತು, ಕೂಲಿ ಎಲ್ಲಾ ಬರಬೇಕು ಎಂಬುದನ್ನು ಮರೆಯಬೇಡಿ.

ಈಗ ನಿಮ್ಮ ಒಂದು ತಿಂಗಳ ಹಾಲಿನ ಹಣವನ್ನು ಹೀಗೆಯೇ 30 ಪಾಲು ಮಾಡಿ. ಉದಾಹರಣೆಗೆಂದು ನಾನೇ ಒಂದು ಮೊತ್ತ ಹಿಡಿಯುತ್ತೇನೆ, 18,000 ರೂಪಾಯಿ. ಒಂದು ಪಾಲಿಗೆ 600. ಹಿಂಡಿ, ಪಶು ಆಹಾರಕ್ಕೆ 9,600 ಹೋದರೆ ಅದು 16 ಪಾಲು. ಬೈಹುಲ್ಲಿಗೆ 1,800, ಅಂದರೆ 3 ಪಾಲು. ಔಷಧ, ಖನಿಜ ಮಿಶ್ರಣಕ್ಕೆ 600, 1 ಪಾಲು. ದನ ತಂದ ಸಾಲದ ಕಂತು 3,000, 5 ಪಾಲು. ಒಟ್ಟು 25 ಪಾಲು ಹೋಯಿತು. ನಿಮ್ಮ ತಿಂಗಳ ದುಡಿತಕ್ಕೆ ಉಳಿದದ್ದು 5 ಪಾಲು, 3,000 ರೂಪಾಯಿ. ದಿನಕ್ಕೆ ನೂರು. ಸೆಗಣಿ ಗೊಬ್ಬರ ಬೇರೆ ಲೆಕ್ಕ, ಅದನ್ನು ಕೆಳಗೆ ಬರೆದುಕೊಳ್ಳಿ, ಬಿಡಬೇಡಿ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ಕೆಲವರಿಗೆ ಹತ್ತು ಪಾಲು ಉಳಿದೀತು, ಕೆಲವರಿಗೆ ಕೈಯಿಂದ ಹಾಕಿದ್ದು ಗೊತ್ತಾದೀತು. ಈ ಉದಾಹರಣೆಯಲ್ಲಿ ಧನಿಯ ಜಾಗದಲ್ಲೂ ಸರಕಾರದ ಜಾಗದಲ್ಲೂ ಈಗ ಯಾರು ಕುಳಿತಿದ್ದಾರೆ ನೋಡಿ: ಹಿಂಡಿಯ ಮೂಟೆ. ಹತ್ತು ಸೆಂಟ್ಸ್ ಜಾಗದಲ್ಲಿ ನೇಪಿಯರ್ ಹುಲ್ಲು ನೆಟ್ಟು 16ನ್ನು 13ಕ್ಕೆ ಇಳಿಸಿದರೆ ಮೂರು ಪಾಲು, ಅಂದರೆ 1,800 ರೂಪಾಯಿ, ನಿಮ್ಮ ಕಡೆಗೆ ಬರುತ್ತದೆ. ಆದರೆ 16 ಎಂದು ಬರೆದೇ ಇಡದಿದ್ದರೆ 13ಕ್ಕೆ ಇಳಿದದ್ದು ಹೇಗೆ ಗೊತ್ತಾಗಬೇಕು? ತೆರಿಗೆ ಜಾಸ್ತಿಯಾಯಿತು ಎಂದು ಹೇಳಿದ ರೈತರೆಲ್ಲರನ್ನೂ ಆ ಕಲೆಕ್ಟರ್ ನಂಬಲಿಲ್ಲ. ಯಾವ ಅರಸನ ಕಾಲದಲ್ಲಿ ಎಷ್ಟಿತ್ತು ಎಂದು ಕಡತ ಹೇಳಿದ್ದರಿಂದ ಒಪ್ಪಿದ. ದರ ಸಾಲದು ಎಂದು ನಾವು ಸಭೆಯಲ್ಲಿ ಹೇಳುವಾಗಲೂ ಹಾಗೆಯೇ. ‘ಹಿಂಡಿಗೆ ತುಂಬಾ ಆಗುತ್ತದೆ’ ಎಂದರೆ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ‘ಕಳೆದ ವರ್ಷ 14 ಪಾಲು, ಈ ವರ್ಷ 16’ ಎಂದು ಇಪ್ಪತ್ತು ಹೆಂಗಸರು ಪುಸ್ತಕ ತೆರೆದು ಹೇಳಿದರೆ ಹಾಗೆ ಹೋಗಲು ಆಗುವುದಿಲ್ಲ.

ಮುಂದಿನ ಮಾಸಿಕ ಸಭೆಗೆ ಬರುವಾಗ ಒಂದು ತಿಂಗಳ ಚೀಟಿಗಳನ್ನು ದಾರದಲ್ಲಿ ಪೋಣಿಸಿ ತನ್ನಿ. ದನದ ಓಲೆಯ 12 ಅಂಕಿ ಬರೆದು ತನ್ನಿ, ಅದರ ಎದುರು ಯಾರ ಹೆಸರು ಇದೆ ಎಂದು ಪಶುವೈದ್ಯ ಸಹಾಯಕರಲ್ಲಿ ಕೇಳಿ ಬರೆಯಿರಿ. ಆರ್‌ಟಿಸಿ ಇದ್ದರೆ ಒಂದು ಪ್ರತಿ. ಅಳತೆ ಮಾಡಿದ ಹಾಗೆ 30 ಪಾಲಿನ ಲೆಕ್ಕ ಬರಲಿಲ್ಲ ಎಂದು ನಾಚಿಕೊಳ್ಳಬೇಡಿ, ಒಟ್ಟಿಗೆ ಕುಳಿತು ಮಾಡೋಣ. ಮನೆಯಲ್ಲಿ ವಯಸ್ಸಾದವರು ಇದ್ದರೆ ಗೇಣಿ ಚೀಟಿ, 7ನೇ ಫಾರಂ ಕಾಲದ ನೆನಪು ಕೇಳಿಕೊಂಡು ಬನ್ನಿ. ಸದಸ್ಯತ್ವ ಇನ್ನೂ ಮನೆಯವರ ಹೆಸರಿನಲ್ಲೇ ಇರುವವರು ಬರುವ ದಾರಿಯಲ್ಲಿ ಕಾರ್ಯದರ್ಶಿಯವರಿಂದ ಒಂದು ಖಾಲಿ ಅರ್ಜಿ ಕೇಳಿ ತನ್ನಿ.